ಬಿಸಿನೀರಿನ ಮೂರ್ಛೆಯಿಂದ ಯಳಂದೂರಿನವರೆಗೆ: ಡಾ. ಕೆ. ಎಸ್. ಮಣಿ ಅವರ ಸಂಶೋಧನೆ, ಕಲಬುರಗಿಯಿಂದ ಒಂದು ಓದು

ಮೂರ್ಛೆ ರೋಗದ ಸಂಶೋಧನೆಯಲ್ಲಿ ಕರ್ನಾಟಕದ ಹೆಸರು ಮುಖ್ಯವಾಗಿ ಎರಡು ಕಾರಣಕ್ಕೆ ಬರುತ್ತದೆ. ತಲೆಯ ಮೇಲೆ ಬಿಸಿನೀರು ಬಿದ್ದಾಗ ಬರುವ ಮೂರ್ಛೆ ಒಂದು. ಚಾಮರಾಜನಗರದ ಕಡೆಯ ಯಳಂದೂರು ತಾಲೂಕಿನಲ್ಲಿ ನಡೆದ ಮೂರ್ಛೆ ರೋಗದ ಸಮೀಕ್ಷೆ ಮತ್ತು ಚಿಕಿತ್ಸೆಯ ಅಧ್ಯಯನ ಇನ್ನೊಂದು. ಎರಡರಲ್ಲೂ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಅವರ ಕೈ ಇದೆ. ವೈದ್ಯಕೀಯ ಬರಹಗಳಲ್ಲಿ ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡುವ ರೂಢಿ ಬೆಳೆದಿದೆ. ನನ್ನ ಓದಿನಲ್ಲಿ ಅವು ಒಂದೇ ಕೆಲಸದ ಎರಡು ಹಂತಗಳು. ರೋಗಿಯ ಮನೆಯವರು ಹೇಳುವ ಮಾತನ್ನು ಸಾಕ್ಷ್ಯವೆಂದು ಸ್ವೀಕರಿಸಿದ್ದರಿಂದಲೇ ಎರಡೂ ಸಾಧ್ಯವಾದವು. ಕಲಬುರಗಿಯಲ್ಲಿ, ಅದರಲ್ಲೂ ಕಮಲಾಪುರದಂಥ ತಾಲೂಕಿನಲ್ಲಿ ನಿಂತು ನೋಡುವವರಿಗೆ ಎರಡನೆಯ ಹಂತವೇ ಹೆಚ್ಚು ಬೆಲೆಯುಳ್ಳದ್ದು.

ಮಿದುಳು ವಿದ್ಯುತ್ತಿನ ಲಯದಲ್ಲಿ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಗೆ ಇನ್ನೂರು ವರ್ಷವೂ ಆಗಿಲ್ಲ. 1875ರಲ್ಲಿ ಇಂಗ್ಲೆಂಡಿನ ರಿಚರ್ಡ್ ಕೇಟನ್ ಮೊಲ ಮತ್ತು ಕೋತಿಗಳ ಮಿದುಳಿನಲ್ಲಿ ಸಣ್ಣ ವಿದ್ಯುತ್ ಏರಿಳಿತಗಳನ್ನು ಕಂಡ. ಜರ್ಮನಿಯ ಯೇನಾದಲ್ಲಿ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಅದನ್ನು ದಾಖಲಿಸಿ, ಐದು ವರ್ಷ ತಡೆದು 1929ರಲ್ಲಿ ಪ್ರಕಟಿಸಿದ. ಕಣ್ಣು ಮುಚ್ಚಿ ವಿಶ್ರಾಂತಿಯಲ್ಲಿರುವವರಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಆಲ್ಫಾ ಲಯ ಅವನ ಶೋಧ. 1935ರಲ್ಲಿ ಅಮೆರಿಕದ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್, ಮಕ್ಕಳು ಕೆಲವು ಕ್ಷಣ ಮಂಕಾಗಿ ನೋಡುತ್ತ ನಿಲ್ಲುವ ಬಗೆಯ ಮೂರ್ಛೆಯಲ್ಲಿ ಸೆಕೆಂಡಿಗೆ ಮೂರರಂತೆ ಎದ್ದುಬರುವ ಅಲೆಯನ್ನು ತೋರಿಸಿದರು. ಲಕ್ಷಾಂತರ ನರಕೋಶಗಳು ತಮ್ಮ ತಮ್ಮ ಕೆಲಸ ಬಿಟ್ಟು ಒಟ್ಟಿಗೆ, ಅತಿಯಾಗಿ ಸಿಡಿಯುವ ಸ್ಥಿತಿಯೇ ಮೂರ್ಛೆ ಎಂಬುದು ಅಲ್ಲಿಂದ ಕಾಗದದ ಮೇಲೆ ಕಾಣತೊಡಗಿತು. ಮಿದುಳಿನ ವಿದ್ಯುತ್ ಲಯವನ್ನು ಹೀಗೆ ದಾಖಲಿಸುವ ಪರೀಕ್ಷೆಯನ್ನೇ ನಾವು ಇಇಜಿ ಎಂದು ಕರೆಯುತ್ತೇವೆ.

ಈ ವಿದ್ಯೆಗೆ ಕರ್ನಾಟಕದಲ್ಲಿ ನೆಲೆ ಸಿಕ್ಕಿದ್ದು ಬೆಂಗಳೂರಿನಲ್ಲಿ. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಪಕ್ಕದ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ 1974ರ ಡಿಸೆಂಬರಿನಲ್ಲಿ ಅದು ನಿಮ್ಹಾನ್ಸ್ ಆಯಿತು. ಸಂಸ್ಥೆ ಹುಟ್ಟಿದ ವರ್ಷ ಕಲಬುರಗಿ ಇನ್ನೂ ಹೈದರಾಬಾದ್ ರಾಜ್ಯದ ಜಿಲ್ಲೆ. 1956ರ ಏಕೀಕರಣದ ಬಳಿಕ ರಾಜಧಾನಿ ಬೆಂಗಳೂರಾದರೂ ರೋಗಿಗಳ ಹಾದಿ ಬಹುಕಾಲ ಹೈದರಾಬಾದ್ ಮತ್ತು ಸೊಲ್ಲಾಪುರದ ಕಡೆಗೇ ಉಳಿಯಿತು, ಇಂದಿಗೂ ಸಾಕಷ್ಟು ಹಾಗೇ ಇದೆ. 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಬಂದಾಗ ಈ ಭಾಗಕ್ಕೆ ತನ್ನದೇ ಒಂದು ದೊಡ್ಡ ವೈದ್ಯಕೀಯ ಆಸರೆ ಸಿಕ್ಕಿತು. ಆದರೂ ಬೆಂಗಳೂರಿನ ನರವಿಜ್ಞಾನದ ದಾಖಲೆಗಳಲ್ಲಿ ಮೈಸೂರು, ಮಂಡ್ಯ, ಚಾಮರಾಜನಗರದ ಕಡೆಯ ರೋಗಿಗಳು ಹೆಚ್ಚಾಗಿ ಕಾಣುವುದನ್ನು ಓದುವಾಗ ಈ ಭೂಗೋಳವನ್ನು ನೆನಪಿಡಬೇಕು.

ಬಿಸಿನೀರಿನ ಮೂರ್ಛೆಯ ಮೊದಲ ವರದಿ ಭಾರತದ್ದಲ್ಲ. 1945ರಲ್ಲಿ ನ್ಯೂಜಿಲೆಂಡಿನಲ್ಲಿ ಅಲೆನ್ ಎಂಬ ವೈದ್ಯ ಒಬ್ಬ ಬಾಲಕನ ವಿಚಾರ ಬರೆದಿದ್ದ. ಅದು ಅಪರೂಪದ ಸಂಗತಿಯಾಗಿಯೇ ಉಳಿಯಿತು. 1968ರಲ್ಲಿ ಮಣಿ ಮತ್ತು ಸಂಗಡಿಗರು 'ನ್ಯೂರಾಲಜಿ ಇಂಡಿಯಾ' ಪತ್ರಿಕೆಯಲ್ಲಿ ಪ್ರಾಥಮಿಕ ವರದಿ ಪ್ರಕಟಿಸಿದರು. 1974ರಲ್ಲಿ ಅವರು 108 ರೋಗಿಗಳ ಲಕ್ಷಣ ಮತ್ತು ಇಇಜಿ ವಿವರಗಳನ್ನು ಅಮೆರಿಕದ ನರರೋಗ ತಜ್ಞರ ಸಂಘದ ಮುಂದಿಟ್ಟಾಗ ಇದು ಅಪರೂಪದ ಸಂಗತಿಯಾಗಿ ಉಳಿಯಲಿಲ್ಲ. ದಕ್ಷಿಣ ಕರ್ನಾಟಕದ ಮನೆಗಳ ಬಚ್ಚಲಲ್ಲಿ ನಡೆಯುತ್ತಿದ್ದ, ಯಾರೂ ಹೆಸರಿಡದ ಒಂದು ರೋಗ ಅದು.

ಈ ಶೋಧ ನಡೆದ ಬಗೆಯಲ್ಲಿ ಒಂದು ವಿಶೇಷವಿದೆ. ಇಇಜಿಯನ್ನೇ ನಂಬಿದ್ದರೆ ರೋಗ ಕೈಗೆ ಸಿಗುತ್ತಿರಲಿಲ್ಲ. ಇಂಥ ರೋಗಿಗಳಲ್ಲಿ ಮೂರ್ಛೆಯಿಲ್ಲದ ವೇಳೆ ತೆಗೆದ ಇಇಜಿಯಲ್ಲಿ ದೋಷ ಕಾಣುವುದು ಸುಮಾರು ನೂರಕ್ಕೆ 15ರಿಂದ 20 ಮಂದಿಯಲ್ಲಿ ಮಾತ್ರ. ಉಳಿದವರ ಕಾಗದ ನೋಡಿದರೆ ಮಿದುಳು ಸರಿಯಾಗಿಯೇ ಇದೆ. ನೀರು ಸುರಿಯುತ್ತಿರುವ ತಲೆಯ ಮೇಲೆ ತಂತಿ ಅಂಟಿಸಿ ಲಯ ಹಿಡಿಯುವುದೂ ಸುಲಭವಲ್ಲ. ದಾರಿ ತೋರಿಸಿದ್ದು ತಾಯಂದಿರು ಕೊಟ್ಟ ವಿವರ: ಮೈ ತೊಳೆಯುವಾಗ ಏನೂ ಆಗುವುದಿಲ್ಲ, ತಲೆಗೆ ಎರೆದಾಗ ಮಗು ಬೆಚ್ಚಿದಂತೆ ನೋಡುತ್ತದೆ, ಅರ್ಥವಿಲ್ಲದ್ದು ಮಾತಾಡುತ್ತದೆ, ಕೆಲವೊಮ್ಮೆ ಬೀಳುತ್ತದೆ. ನೀರಿನ ಬಿಸಿ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಹಂಡೆಯಿಂದ ಚೊಂಬು ಚೊಂಬಾಗಿ ನೀರು ಬೇಗ ಬೇಗನೆ ತಲೆಯ ಮೇಲೆ ಬೀಳುವ ನಮ್ಮ ಸ್ನಾನದ ಕ್ರಮವೇ ಪ್ರಚೋದನೆ. ಕೆಲವರಿಗೆ ಆ ಕ್ಷಣದಲ್ಲಿ ಒಂದು ಬಗೆಯ ಸುಖವೂ ಆಗಿ, ತಾವೇ ಮತ್ತೆ ಮತ್ತೆ ಸುರಿದುಕೊಳ್ಳುತ್ತಾರೆ ಎಂಬುದು ದಾಖಲಾಗಿದೆ. ಇದನ್ನು ಕೇಳಿ ಹುಡುಕಬೇಕು, ಯಂತ್ರ ಹೇಳುವುದಿಲ್ಲ.

ಕಲಬುರಗಿಯ ಓದುಗರಿಗೆ ಇಲ್ಲೊಂದು ಅನುಮಾನ ಬರಬಹುದು. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮಲ್ಲಿ ಈ ರೋಗ ಇನ್ನೂ ಹೆಚ್ಚಿರಬೇಕಲ್ಲವೇ? ಹಾಗೆ ತೀರ್ಮಾನಿಸುವಂತಿಲ್ಲ. ಇಲ್ಲಿ ಕೆಲಸ ಮಾಡುವುದು ಹವೆಯ ಬಿಸಿಯಲ್ಲ, ತಲೆಯ ಮೇಲೆ ಥಟ್ಟನೆ ಬೀಳುವ ನೀರಿನ ಬಿಸಿ; ಅದರ ಜೊತೆ ವಂಶದಲ್ಲಿ ಬರುವ ಒಲವು.

ಮಣಿಯವರ ಬಳಿಕ ಈ ದಾರಿಯನ್ನು ಬೆಳೆಸಿದವರು ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ, ಮುಂದೆ ಅವರೇ ಸಂಸ್ಥೆಯ ನಿರ್ದೇಶಕರಾದರು. 1988ರಲ್ಲಿ ಅವರ ತಂಡ 279 ರೋಗಿಗಳ ಅಧ್ಯಯನ ಪ್ರಕಟಿಸಿತು. ಗಂಡುಮಕ್ಕಳಲ್ಲಿ ಹೆಚ್ಚು, ಹಲವರ ಮನೆಯಲ್ಲಿ ಬೇರೆಯವರಿಗೂ ಇದೆ, ಒಂದು ಪಾಲು ರೋಗಿಗಳಿಗೆ ಮುಂದೆ ನೀರಿಲ್ಲದೆಯೂ ಮೂರ್ಛೆ ಬರುತ್ತದೆ. 1996ರಲ್ಲಿ ಉಳ್ಳಾಲ್, ಸತೀಶಚಂದ್ರ ಮತ್ತು ಶಂಕರ್ ಇಲಿಗಳಲ್ಲಿ ಬಿಸಿನೀರಿನಿಂದ ಮೂರ್ಛೆ ತರಿಸಿ ಪ್ರಯೋಗಾಲಯದ ಮಾದರಿಯನ್ನು ರೂಪಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅನುರಂಜನ್ ಆನಂದ್ ಅವರ ಗುಂಪು ಪೀಡಿತ ಕುಟುಂಬಗಳನ್ನು ಪರಿಶೀಲಿಸಿ 10 ಮತ್ತು 4ನೆಯ ವರ್ಣತಂತುಗಳಲ್ಲಿ ಸುಳಿವುಗಳನ್ನು ಗುರುತಿಸಿತು; 2017ರಲ್ಲಿ ಗ್ಲುಟಮೇಟ್ ಸಾಗಿಸುವ ಒಂದು ಜೀನ್‌ನ ಅಪರೂಪದ ಬದಲಾವಣೆಗಳನ್ನು ವರದಿ ಮಾಡಿತು. ಚಿಕಿತ್ಸೆಯ ಮಾತು ಇಷ್ಟು ಜಟಿಲವಲ್ಲ. ನೀರಿನ ಬಿಸಿ ಇಳಿಸಬೇಕು. ಅದರಿಂದ ಸಾಲದಿದ್ದರೆ ತಲೆಸ್ನಾನಕ್ಕೆ ಒಂದೂವರೆ, ಎರಡು ತಾಸು ಮೊದಲು ವೈದ್ಯರು ಹೇಳಿದ ಅಳತೆಯಲ್ಲಿ ಕ್ಲೋಬಜಾಮ್ ಗುಳಿಗೆ. ನೀರಿಲ್ಲದೆಯೂ ಬರುವವರಿಗೆ ಮಾತ್ರ ದಿನನಿತ್ಯದ ಔಷಧ.

ಇಷ್ಟರಲ್ಲೇ ಮಣಿ ನಿಂತಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ ಅವರು ಯಳಂದೂರಿಗೆ ಹೋದರು. 64,963 ಜನರ ಆ ತಾಲೂಕಿನಲ್ಲಿ, ಇಲ್ಲೂ ಮನೆಯವರ ಮಾತನ್ನೇ ಆಧರಿಸಿ ನಡೆದ ಸಮೀಕ್ಷೆಯ ವಿವರ 1998ರಲ್ಲಿ ಬಂತು: ಸಾವಿರಕ್ಕೆ 4.63 ಮಂದಿಗೆ ಮೂರ್ಛೆ ರೋಗ. ವರ್ಷಕ್ಕೆ ಲಕ್ಷಕ್ಕೆ ಸುಮಾರು 49 ಹೊಸ ರೋಗಿಗಳು. ಗಮನಿಸಬೇಕಾದ್ದು ಇದರ ಮುಂದಿನ ಭಾಗ. ರೋಗಿಗಳನ್ನು ಬೆಂಗಳೂರಿಗೆ ಕರೆಸದೆ, ಅಲ್ಲೇ ಫಿನೊಬಾರ್ಬಿಟೋನ್ ಅಥವಾ ಫಿನಿಟಾಯಿನ್ ಕೊಟ್ಟು ವರ್ಷಗಟ್ಟಲೆ ನೋಡಿಕೊಂಡರು. ಮೊದಲನೆಯದು 1912ರಿಂದ ಬಳಕೆಯಲ್ಲಿರುವ, ತೀರಾ ಅಗ್ಗದ ಗುಳಿಗೆ. ಫಲಿತಾಂಶ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಹಳ್ಳಿಯಲ್ಲೇ, ಹಳೆಯ ಔಷಧದಿಂದಲೇ ಮೂರ್ಛೆಯನ್ನು ಹಿಡಿತಕ್ಕೆ ತರಬಹುದು ಎಂಬುದಕ್ಕೆ ಕನ್ನಡ ನಾಡಿನ ಒಂದು ತಾಲೂಕು ಸಾಕ್ಷಿಯಾಯಿತು. ಇಇಜಿಯ ನಕಾಶೆಗಿಂತ ದೊಡ್ಡ ಕಾಣಿಕೆ ಇದು ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಹಳ್ಳಿಗೆ ಹೋಗಬೇಕಾದ ಕಾರಣವನ್ನು ನಿಮ್ಹಾನ್ಸ್‌ನ ಡಾ. ಎಂ. ಗೌರಿದೇವಿ ಅವರ ಸಮೀಕ್ಷೆಯೂ ಕೊಟ್ಟಿದೆ. ಬೆಂಗಳೂರು ನಗರ ಮತ್ತು ಗ್ರಾಮಾಂತರದ 1,02,557 ಜನರಲ್ಲಿ ಮೂರ್ಛೆ ರೋಗದ ಪ್ರಮಾಣ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9. ತಜ್ಞರೆಲ್ಲ ನಗರದಲ್ಲಿ, ರೋಗ ಇಮ್ಮಡಿಯಾಗಿ ಹಳ್ಳಿಯಲ್ಲಿ.

ಕಮಲಾಪುರ ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದ ಊರು, ಕೆಂಪು ಬಾಳೆಗೆ ಹೆಸರಾದದ್ದು, ಈಚೆಗೆ ತಾಲೂಕು ಕೇಂದ್ರವಾದದ್ದು. ಬೆಂಗಳೂರು ಇಲ್ಲಿಂದ ಸುಮಾರು 600 ಕಿ.ಮೀ. ನಮ್ಮ ಭಾಗದಲ್ಲಿ ಫಿಟ್ಸ್ ಎಂದೂ, ದಖನಿ ಆಡುವವರ ಮನೆಗಳಲ್ಲಿ ಮಿರ್ಗಿ ಎಂದೂ ಕರೆಯುವ ಈ ರೋಗ ಬಂದಾಗ ಕೈಗೆ ಕಬ್ಬಿಣದ ಕೀಲಿ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಇನ್ನೂ ನಿಂತಿಲ್ಲ. ಮದುವೆಯ ಮಾತು ಬಂದಾಗ ಹೆಣ್ಣುಮಕ್ಕಳ ರೋಗ ಮುಚ್ಚಿಡುವುದೂ ನಿಂತಿಲ್ಲ. ಇದಕ್ಕೆ ಕಾನೂನೇ ಬಹುಕಾಲ ಆಸರೆಯಾಗಿತ್ತು: 1955ರ ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಮೂರ್ಛೆ ರೋಗದ ಷರತ್ತು ತೆಗೆದುಹಾಕಲ್ಪಟ್ಟದ್ದು 1999ರ ತಿದ್ದುಪಡಿಯಲ್ಲಿ. ಹೀಗೆ ಮುಚ್ಚಿಟ್ಟ ರೋಗಕ್ಕೆ ಗುಳಿಗೆಯೂ ತಪ್ಪುತ್ತದೆ. ಕದ್ದು ನುಂಗುವ ಮಾತ್ರೆಯನ್ನು ಗಂಡನ ಮನೆಯಲ್ಲಿ ನಿಲ್ಲಿಸಿದ ಕೂಡಲೇ ಫಿಟ್ಸ್ ಮರಳುತ್ತದೆ.

2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆಗೂಡಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಆರಂಭಿಸಿತು. ಮುಂದೆ ಇತರ ಜಿಲ್ಲೆಗಳಿಗೂ ಅದನ್ನು ಹಬ್ಬಿಸಲಾಯಿತು. ಕಲಬುರಗಿಗೆ ಬೇಕಾದ್ದು ಜಿಲ್ಲಾ ಕೇಂದ್ರದಲ್ಲಿ ನಿಲ್ಲದೆ ಯಳಂದೂರಿನ ಕ್ರಮದಲ್ಲಿ ತಾಲೂಕಿಗೆ ಇಳಿಯುವ ಕೆಲಸ. ಕಮಲಾಪುರದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಕೇಳುವ ಪ್ರಶ್ನೆಗಳ ಪಟ್ಟಿಯಲ್ಲಿ ಇವು ಇರಬೇಕು: ಯಾರಾದರೂ ಎಚ್ಚರ ತಪ್ಪಿ ಬಿದ್ದಿದ್ದಾರೆಯೇ, ನಾಲಿಗೆ ಕಚ್ಚಿಕೊಂಡಿದ್ದರೇ, ಮಕ್ಕಳು ಕ್ಷಣಕಾಲ ಮಂಕಾಗುತ್ತಾರೆಯೇ, ಬಿಸಿನೀರು ತಲೆಗೆ ಎರೆದುಕೊಂಡಾಗ ಏನಾದರೂ ಆಗುತ್ತದೆಯೇ, ಗುಳಿಗೆ ಶುರುಮಾಡಿ ನಿಲ್ಲಿಸಿದ್ದಾರೆಯೇ, ನಿಲ್ಲಿಸಿದ್ದಕ್ಕೆ ಕಾರಣ ದುಡ್ಡೋ, ದೂರವೋ, ಮದುವೆಯೋ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಿನೊಬಾರ್ಬಿಟೋನ್ ಒಂದು ತಿಂಗಳೂ ತಪ್ಪದೆ ಸಿಗುವಂತಿದ್ದರೆ, ಈ ಪ್ರಶ್ನೆಗಳಿಗೆ ಬಂದ ಉತ್ತರದ ಮೇಲೆ ಅದೇ ವಾರ ಚಿಕಿತ್ಸೆ ಆರಂಭಿಸಬಹುದು.