ಮರದ ನಡುವೆ ಇಳಿದ ಅಲಗು: ಪ್ಲಂಜ್ ರೂಟರ್ ಬೆಳೆದುಬಂದ ದಾರಿ

ಹಲಗೆಯ ಅಂಚಿನಿಂದ ಮರ ಕೀಸುವುದು ಬಡಗಿಗೆ ಸಲೀಸು. ಹಲಗೆಯ ನಟ್ಟನಡುವೆ, ತಳವೆಲ್ಲ ಒಂದೇ ಆಳದಲ್ಲಿರುವಂತೆ ತೋಡುವುದು ಕಷ್ಟ. ಬಾಗಿಲಿಗೆ ಬೀಗ ಕೂರಿಸಲು, ಕಪಾಟಿನ ಅಡ್ಡಹಲಗೆ ಸಿಕ್ಕಿಸಲು, ಕೂಡುಗಳಿಗೆ ಕಂಡಿ ತೆಗೆಯಲು ಬೇಕಾಗುವುದು ಇಂಥ ತೋಡೇ. ರೂಟರ್ ಎಂಬ ಉಪಕರಣದ ಚರಿತ್ರೆ ಈ ಒಂದು ಕೆಲಸವನ್ನು ಹಗುರ ಮಾಡುವ ಪ್ರಯತ್ನಗಳ ಚರಿತ್ರೆ.

ವಿದ್ಯುತ್ ಬರುವ ಮೊದಲು ಯುರೋಪಿನ ಬಡಗಿಗಳು ತೋಡಿನ ಎರಡೂ ಬದಿಯನ್ನು ಗರಗಸದಿಂದ ಕೊಯ್ದು, ನಡುವಿನ ಮರವನ್ನು ಉಳಿಯಿಂದ ಎಬ್ಬಿಸುತ್ತಿದ್ದರು. ಉಳಿ ಬಿಟ್ಟುಹೋದ ಏರುತಗ್ಗನ್ನು ಸಮ ಮಾಡಲು ಒಂದು ಪುಟ್ಟ ಉಪಕರಣವಿತ್ತು. ಅಂಗೈಯಗಲದ ಮರದ ತುಂಡು, ಅದರ ನಡುವೆ ಬೆಣೆ ಬಡಿದು ಬಿಗಿದ ಒಂದೇ ಒಂದು ಅಲಗು. ಮರದ ತುಂಡು ಹಲಗೆಯ ಮೇಲ್ಮೈ ಮೇಲೆ ಜಾರುವಾಗ ಅಲಗು ಕೆಳಗಿನ ತಳವನ್ನು ಕೆರೆಯುತ್ತಿತ್ತು. ಹೀಗಾಗಿ ತಳ ಮೇಲ್ಮೈಗೆ ಸಮಾನಾಂತರವಾಗಿಯೇ ಉಳಿಯುತ್ತಿತ್ತು. ಒಂಟಿಯಾಗಿ ಹೊರಚಾಚಿದ ಆ ಅಲಗನ್ನು ಕಂಡು ಇಂಗ್ಲೆಂಡಿನ ಬಡಗಿಗಳು ಅದನ್ನು ‘ಮುದುಕಿಯ ಹಲ್ಲು’ ಎಂದೇ ಕರೆದರು. 1880ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್ಲಿ ಕಂಪನಿ ಇದನ್ನೇ ಎರಕದ ಕಬ್ಬಿಣದಲ್ಲಿ, ಎರಡು ಹಿಡಿಗಳೊಂದಿಗೆ, 71ನೇ ಸಂಖ್ಯೆಯ ಉಪಕರಣವಾಗಿ ಮಾರುಕಟ್ಟೆಗೆ ತಂದಿತು. ಬೆಣೆ ಬಡಿಯುವ ಬದಲು ತಿರುಪು ತಿರುಗಿಸಿ ಆಳವನ್ನು ಕೂದಲೆಳೆಯಷ್ಟು ಹೆಚ್ಚುಕಡಿಮೆ ಮಾಡುವುದು ಮುಂದೆ ಸಾಧ್ಯವಾಯಿತು.

ಮೋಟಾರು ಸೇರಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ನ್ಯೂಯಾರ್ಕ್ ರಾಜ್ಯದ ಆರ್. ಎಲ್. ಕಾರ್ಟರ್ ಎರಕದ ಕೆಲಸಕ್ಕೆ ಮರದ ಮಾದರಿಗಳನ್ನು ಮಾಡುತ್ತಿದ್ದವನು. ಮೊದಲ ಮಹಾಯುದ್ಧದ ಕಾಲದಲ್ಲಿ ಅವನು ಕ್ಷೌರಿಕರ ವಿದ್ಯುತ್ ಕತ್ತರಿಯ ಮೋಟಾರಿಗೆ ಕೊರೆಯುವ ಅಲಗನ್ನು ಜೋಡಿಸಿ ಕೈಯಲ್ಲಿ ಹಿಡಿಯುವ ರೂಟರ್ ಮಾಡಿದನೆಂದು ಹೇಳಲಾಗುತ್ತದೆ. ಅವನ ವ್ಯಾಪಾರವನ್ನು 1929ರಲ್ಲಿ ಸ್ಟ್ಯಾನ್ಲಿ ಕೊಂಡುಕೊಂಡಿತು. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಅಲಗು, ಉಳಿ ಮತ್ತು ‘ಹಲ್ಲು’ ಎರಡರ ಕೆಲಸವನ್ನೂ ಒಟ್ಟಿಗೇ ಮುಗಿಸಿತು.

ಆದರೂ ಮೂಲ ತೊಡಕು ಹಾಗೆಯೇ ಉಳಿಯಿತು. ಈ ರೂಟರುಗಳಲ್ಲಿ ಮೋಟಾರು ತಳದ ಬಳೆಗೆ ಬಿಗಿದು ನಿಂತಿರುತ್ತಿತ್ತು. ಅಲಗು ಸದಾ ತಳದಿಂದ ಹೊರಗೆ ಚಾಚಿರುತ್ತಿತ್ತು. ಅಂಚಿನಿಂದ ಒಳಸರಿದರೆ ತೊಂದರೆಯಿಲ್ಲ. ಹಲಗೆಯ ನಡುವೆ ಆರಂಭಿಸಬೇಕಾದರೆ ಮಾತ್ರ, ತಿರುಗುತ್ತಿರುವ ಯಂತ್ರವನ್ನು ಓರೆಯಾಗಿ ಹಿಡಿದು ಮೆಲ್ಲಗೆ ಇಳಿಸಬೇಕು. ಅಲಗು ಮರವನ್ನು ಕಚ್ಚಿಕೊಂಡರೆ ಯಂತ್ರ ಕೈಯಲ್ಲೇ ಎಗರುತ್ತಿತ್ತು, ಅಳತೆ ತಪ್ಪಿದ ತೋಡು ಉಳಿಯುತ್ತಿತ್ತು.

ಇದಕ್ಕೆ ಉತ್ತರ ಬಂದದ್ದು ಜರ್ಮನಿಯಿಂದ. ಎಲು ಕಂಪನಿ 1949ರ ಸುಮಾರಿಗೆ ಮೋಟಾರನ್ನು ಎರಡು ಉಕ್ಕಿನ ಕಂಬಗಳ ಮೇಲೆ, ಸ್ಪ್ರಿಂಗಿನ ಆಸರೆಯಲ್ಲಿ ನಿಲ್ಲಿಸಿತು. ತಳ ಮೊದಲು ಹಲಗೆಯ ಮೇಲೆ ಭದ್ರವಾಗಿ ಕೂರುತ್ತದೆ. ಆಮೇಲೆ ಎರಡೂ ಹಿಡಿಗಳನ್ನು ಒತ್ತಿದರೆ ಅಲಗು ನೇರವಾಗಿ ಮರದೊಳಗೆ ಇಳಿಯುತ್ತದೆ; ಇದೇ ಪ್ಲಂಜ್ ರೂಟರ್. ಬೇಕಾದ ಆಳದಲ್ಲಿ ಕೀಲಿ ಬಿಗಿಯಬಹುದು. ಕೆಲಸ ಮುಗಿದು ಕೀಲಿ ಸಡಿಲಿಸಿದರೆ ಸ್ಪ್ರಿಂಗು ಅಲಗನ್ನು ಮೇಲಕ್ಕೆಳೆದು ಮರೆಮಾಡುತ್ತದೆ. ಬೇರೆಬೇರೆ ಎತ್ತರದ ತಡೆಗಳಿರುವ ಪುಟ್ಟ ತಿರುಗುಮಣೆಯಿಂದ ಒಂದೇ ತೋಡನ್ನು ಮೆಟ್ಟಿಲುಮೆಟ್ಟಿಲಾಗಿ ಆಳಗೊಳಿಸುವುದೂ ಸಾಧ್ಯವಾಯಿತು.

ಶಕ್ತಿಯ ಪ್ರಶ್ನೆ ಅಲಗಿನ ಜೊತೆಯಲ್ಲೇ ಬೆಳೆಯಿತು. ಪ್ಲೈವುಡ್ ಮತ್ತು ಮರದ ಚೂರುಗಳ ಹಲಗೆಗಳಲ್ಲಿರುವ ಅಂಟು ಉಕ್ಕಿನ ಅಲಗನ್ನು ಬೇಗ ಮೊಂಡು ಮಾಡುತ್ತದೆ. ಆದ್ದರಿಂದ ಟಂಗ್‌ಸ್ಟನ್ ಕಾರ್ಬೈಡ್ ತುದಿಯ ಅಲಗುಗಳು ಬಂದವು. ಕಾರ್ಬೈಡಿಗೆ ಗಡಸುತನ ಹೆಚ್ಚು, ಬಾಗುವ ಗುಣ ಕಡಿಮೆ. ಆದ್ದರಿಂದ ದೊಡ್ಡ ಅಲಗಿಗೆ, ಯಂತ್ರ ಹಿಡಿಯುವ ತುದಿಯಲ್ಲಿ, ಅಲುಗದ ದಪ್ಪ ಕಾಂಡ ಬೇಕು. ಕಾಲಿಂಚಿನ ಕಾಂಡದ ಬದಲು ಅರ್ಧ ಇಂಚಿನದನ್ನು ಹಾಕಿದರೆ ವ್ಯಾಸ ಎರಡು ಪಟ್ಟು, ಬಾಗದೆ ನಿಲ್ಲುವ ಬಿಗಿತ ಹದಿನಾರು ಪಟ್ಟು. ಆ ಕಾಂಡವನ್ನು ಹಿಡಿಯಬಲ್ಲ ಯಂತ್ರ ಸಹಜವಾಗಿ ದೊಡ್ಡದಾಯಿತು. ಎಲು ಕಂಪನಿಯ ಎಂಒಎಫ್ 177, ಜಪಾನಿನ ಮಕಿಟಾ ಮತ್ತು ಹಿಟಾಚಿ ಕಂಪನಿಗಳ ಭಾರೀ ರೂಟರುಗಳು ಈ ವರ್ಗಕ್ಕೆ ಸೇರಿದವು. 1984ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಎಲುವನ್ನು ಕೊಂಡ ಮೇಲೆ ಅದರ ವಿನ್ಯಾಸಗಳು ಡಿವಾಲ್ಟ್ ಹೆಸರಿನಲ್ಲಿ ಮುಂದುವರಿದವು.

ದೊಡ್ಡ ಅಲಗು ಇನ್ನೊಂದು ಅಗತ್ಯವನ್ನೂ ತಂದಿತು. 20 ಮಿಲಿಮೀಟರ್ ಅಗಲದ ಅಲಗು ನಿಮಿಷಕ್ಕೆ 22,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 23 ಮೀಟರ್ ಓಡುತ್ತದೆ. ಅಷ್ಟೇ ಸುತ್ತು ತಿರುಗುವ 50 ಮಿಲಿಮೀಟರಿನ ಅಲಗಿನ ಅಂಚು 57 ಮೀಟರ್ ದಾಟುತ್ತದೆ. ಮರ ಸುಡುತ್ತದೆ, ಅಪಾಯವೂ ಏರುತ್ತದೆ. ಸುತ್ತುಗಳನ್ನು 10,000ಕ್ಕೆ ಇಳಿಸಿದರೆ ಅಂಚಿನ ಓಟ ಮತ್ತೆ 26 ಮೀಟರಿಗೆ ಬರುತ್ತದೆ. ಎಲೆಕ್ಟ್ರಾನಿಕ್ ವೇಗ ನಿಯಂತ್ರಣ ಭಾರೀ ರೂಟರಿನ ಅವಿಭಾಜ್ಯ ಅಂಗವಾದದ್ದು ಇದೇ ಕಾರಣಕ್ಕೆ; ಜರ್ಕ್ ಇಲ್ಲದ ನಿಧಾನ ಆರಂಭವೂ ಅದರ ಜೊತೆ ಸೇರಿತು.

ಇಂದು ಶಕ್ತಿಶಾಲಿ ಪ್ಲಂಜ್ ರೂಟರ್ ಆರಿಸುವವರು ನೋಡುವ ಅಂಶಗಳೆಲ್ಲ ಈ ದಾರಿಯಲ್ಲಿ ಒಂದೊಂದಾಗಿ ಸೇರಿದವು. ಯಂತ್ರದ ಫಲಕದ ಮೇಲಿನ ವ್ಯಾಟ್ ಸಂಖ್ಯೆ ಸಾಮಾನ್ಯವಾಗಿ ಮೋಟಾರು ಎಳೆದುಕೊಳ್ಳುವ ವಿದ್ಯುತ್ತಿನದು, ಅಲಗಿಗೆ ತಲುಪುವ ಬಲದ್ದಲ್ಲ. ಅಮೆರಿಕದ 120 ವೋಲ್ಟ್, 15 ಆಂಪಿಯರಿನ ಪ್ಲಗ್ಗು ಕೊಡಬಲ್ಲದ್ದು 1,800 ವ್ಯಾಟ್, ಅಂದರೆ ಸುಮಾರು 2.4 ಅಶ್ವಶಕ್ತಿ. ಅಲ್ಲಿನ ಯಂತ್ರಗಳ ಮೇಲೆ ಕಾಣುವ 3 ಅಶ್ವಶಕ್ತಿಗೂ ಮೀರಿದ ಅಂಕಿ ಕ್ಷಣಮಾತ್ರದ ಗರಿಷ್ಠವೇ ಹೊರತು ನಿರಂತರ ಬಲವಲ್ಲ. ಆದ್ದರಿಂದ ಅಂಕಿಯ ಜೊತೆಗೆ ಅರ್ಧ ಇಂಚಿನ ಕಾಂಡ ಹಿಡಿಯುವ ಚಕ್, ಅಲುಗಾಟವಿಲ್ಲದೆ ಜಾರುವ ಕಂಬಗಳು, ಗಟ್ಟಿಯಾಗಿ ಕಚ್ಚುವ ಕೀಲಿ, ತಗ್ಗಿಸಬಹುದಾದ ವೇಗ ಇವನ್ನೂ ನೋಡಬೇಕು. ಮುದುಕಿಯ ಹಲ್ಲಿನಿಂದ ಬಡಗಿಗಳು ಬಯಸಿದ್ದು ಮೇಲ್ಮೈಗೆ ಸಮನಾದ ತಳವನ್ನು. ಭಾರೀ ರೂಟರಿನ ಒಳ್ಳೆಯತನವನ್ನು ಅಳೆಯುವುದೂ ಅದೇ ಅಳತೆಗೋಲಿನಿಂದ.