ಗೂಡಿಗೂ ನೂಲಿಗೂ ನಡುವೆ

ರಾಮನಗರ, ಶಿಡ್ಲಘಟ್ಟ, ಕನಕಪುರ, ಕೊಳ್ಳೇಗಾಲ ಎಂಬ ಹೆಸರುಗಳನ್ನು ಕೇಳಿದೊಡನೆ ನಮ್ಮ ಜನಕ್ಕೆ ನೆನಪಾಗುವುದು ರೇಷ್ಮೆಯ ಗೂಡು. ಮೈಸೂರೆಂದರೆ ನೆನಪಾಗುವುದು ರೇಷ್ಮೆಯ ಸೀರೆ. ಆದರೆ ಗೂಡು ಸೀರೆಯಾಗುವುದಕ್ಕೆ ಮುನ್ನ ಅದನ್ನು ಬಿಸಿನೀರಿನಲ್ಲಿ ಬೇಯಿಸಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ, ಹಲವು ಗೂಡುಗಳ ಎಳೆಗಳನ್ನು ಒಂದುಗೂಡಿಸಿ ನೂಲಾಗಿ ಬಿಚ್ಚುವ ಕಸುಬೊಂದು ನಡುವೆ ಇದೆಯೆಂಬುದೂ, ಆ ಕಸುಬು ಬಹುಮಟ್ಟಿಗೆ ದೊಡ್ಡ ಕಾರ್ಖಾನೆಗಳಲ್ಲಲ್ಲದೆ ಸಣ್ಣ ಸಣ್ಣ ಮನೆಗಳ ಹಿತ್ತಿಲಿನಲ್ಲಿಯೂ ಹಜಾರದಲ್ಲಿಯೂ ನಡೆದುಬಂದಿದೆಯೆಂಬುದೂ, ಇನ್ನೂರಕ್ಕೂ ಮಿಕ್ಕ ವರ್ಷಗಳ ತನ್ನ ಆಯುಷ್ಯದಲ್ಲಿ ಅದು ಹಲವು ಸಲ ನೆಲಕಚ್ಚಿ ಹಲವು ಸಲ ಮೇಲೆದ್ದಿದೆಯೆಂಬುದೂ ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬಂದಂತಿಲ್ಲ. ಸಣ್ಣ ಉದ್ಯಮಗಳು ಏಕೆ ಮುಳುಗುತ್ತವೆ, ಮುಳುಗಿದವು ಹೇಗೆ ತೇಲುತ್ತವೆ ಎಂಬ ಪ್ರಶ್ನೆಗೆ ಉತ್ತರವನ್ನು ಅರಸುವವರು ಈ ನೂಲು ಬಿಚ್ಚಾಣಿಕೆದಾರರ ಚರಿತ್ರೆಯನ್ನು ಓದಿದರೆ, ಅರ್ಥಶಾಸ್ತ್ರದ ದಪ್ಪ ಗ್ರಂಥಗಳಲ್ಲಿ ಸಿಕ್ಕದ ಕೆಲವು ಸಂಗತಿಗಳು ಸಿಕ್ಕುವುವೆಂದು ನನ್ನ ನಂಬಿಕೆ.

ಮೊದಲು ಈ ಕಸುಬಿನ ಇಕ್ಕಟ್ಟೇನೆಂಬುದನ್ನು ತಿಳಿಯಬೇಕು. ಹಣ್ಣಾದ ಹುಳು ಚಂದ್ರಿಕೆಯೆಂಬ ಬಿದಿರಿನ ಚೌಕಟ್ಟನ್ನೇರಿ ಗೂಡು ಕಟ್ಟಿದ ಮೇಲೆ ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಒಳಗಿನ ಕೋಶವು ಚಿಟ್ಟೆಯಾಗಿ ಗೂಡನ್ನು ತೂತುಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ಅಖಂಡವಾದ ಎಳೆಯನ್ನು ತೆಗೆಯಲಾಗದು. ಆದುದರಿಂದ ಬೆಳೆದ ರೈತನಿಗೆ ಕಾಯುವ ಸ್ವಾತಂತ್ರ್ಯವಿಲ್ಲ. ಕೊಂಡ ಬಿಚ್ಚಾಣಿಕೆದಾರನಿಗೂ ಹಾಗೆಯೇ ಇಟ್ಟುಕೊಳ್ಳುವ ಸ್ವಾತಂತ್ರ್ಯವಿಲ್ಲ, ಕೂಡಲೇ ಕೋಶವನ್ನು ಕೊಂದು ಗೂಡನ್ನು ಬೇಯಿಸಬೇಕು. ಇವನು ಗೂಡಿಗೆ ಕೊಡುವುದು ರೊಕ್ಕ, ಅದೂ ಅಂದಂದಿಗೆ; ಬಿಚ್ಚಿದ ನೂಲನ್ನು ಬೆಂಗಳೂರಿನ ವರ್ತಕನಿಗೋ, ಕಂಚಿ ಧರ್ಮಾವರಗಳ ನೇಕಾರರಿಗೆ ನೂಲೊದಗಿಸುವ ಸಾಹುಕಾರನಿಗೋ ಕೊಡುವುದು ಕಡ. ನೂಲಿನ ಒಟ್ಟು ವೆಚ್ಚದಲ್ಲಿ ಹತ್ತರಲ್ಲಿ ಎಂಟು ಪಾಲಾದರೂ ಗೂಡಿನ ಬೆಲೆಯೇ ಆಗಿರುತ್ತದೆ. ಉಳಿದೆರಡು ಪಾಲಿನಲ್ಲಿ ಸೌದೆ, ಕೂಲಿ, ಬಡ್ಡಿ, ಮನೆಯ ಅನ್ನ ಎಲ್ಲವೂ ಅಡಗಬೇಕು. ಗೂಡನ್ನು ಕೊಂಡ ದಿನಕ್ಕೂ ನೂಲಿನ ಹಣ ಕೈಸೇರುವ ದಿನಕ್ಕೂ ನಡುವೆ ನೂಲಿನ ಧಾರಣೆ ನೂರಕ್ಕೆ ಹತ್ತು ಇಳಿಯಿತೆಂದರೆ, ಕೆಲಸದಲ್ಲಿ ಏನೊಂದು ಲೋಪವಿಲ್ಲದೆಯೂ, ಆ ಎರಡು ಪಾಲಿನಲ್ಲಿ ಒಂದು ಪಾಲು ಕರಗಿಹೋಯಿತು. ಮನೆಯಲ್ಲಿ ಕೂಡಿಟ್ಟ ಮೂಲಧನವಿದ್ದವನು ಇದನ್ನು ತಾಳಿಕೊಂಡಾನು. ಇಲ್ಲದವನು ಮರುದಿನದ ಗೂಡಿಗೆ ನೂಲಿನ ಸಾಹುಕಾರನಿಂದಲೇ ಮುಂಗಡ ಪಡೆದು, ಮುಂದೆ ತನ್ನ ನೂಲಿಗೆ ಅವನು ಕಟ್ಟಿದ ಬೆಲೆಯನ್ನೇ ಒಪ್ಪಿಕೊಳ್ಳುತ್ತಾನೆ. ಮುಂದೆ ಹೇಳುವ ವಿಪತ್ತುಗಳೆಲ್ಲ, ರೋಗವಾಗಲಿ ಯುದ್ಧವಾಗಲಿ ಸುಂಕವಾಗಲಿ, ಕೊನೆಗೆ ಬಂದು ಅಪ್ಪಳಿಸಿದುದು ಈ ಕೆಲವು ದಿನಗಳ ಅಂತರದ ಮೇಲೆಯೇ.

ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ಬೀಜ ಬಿತ್ತಿದವನು ಟಿಪ್ಪು ಸುಲ್ತಾನನೆಂಬುದು ಪ್ರಸಿದ್ಧ. ಬಂಗಾಳದಿಂದ ಹುಳುಗಳನ್ನು ತರಿಸಿ, ಅವುಗಳನ್ನು ಸಾಕುವ ಬಗೆಯನ್ನು ಅಭ್ಯಾಸಮಾಡಿಸಿ, ರಾಜ್ಯದ 21 ಠಾಣೆಗಳಲ್ಲಿ ಅವನ್ನು ವೃದ್ಧಿಪಡಿಸಬೇಕೆಂದು 1786ರಲ್ಲಿ ಅವನು ಶ್ರೀರಂಗಪಟ್ಟಣದ ಕಿಲ್ಲೇದಾರನಿಗೆ ಬರೆದ ಅಪ್ಪಣೆ ಉಳಿದುಬಂದಿದೆ. ಅರಸನ ಆಸರೆಯಿಂದ ಹುಟ್ಟಿದ ಉದ್ಯಮಕ್ಕೆ ಅರಸನ ಪತನವೇ ಮೊದಲನೆಯ ಗಂಡಾಂತರ: 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಠಾಣೆಗಳ ವ್ಯವಸ್ಥೆ ಚದುರಿಹೋಯಿತು. ಆದರೆ ಹಿಪ್ಪುನೇರಳೆಯ ಗಿಡಕ್ಕೆ ರಾಜಕಾರಣ ತಿಳಿಯದು. ಚನ್ನಪಟ್ಟಣದ ಸುತ್ತಿನಲ್ಲಿಯೂ ಪೂರ್ವದ ತಾಲ್ಲೂಕುಗಳಲ್ಲಿಯೂ ಅದು ಬೇಸಾಯಗಾರರ ಹೊಲದಲ್ಲಿ ಉಳಿಯಿತು, ಹುಳು ಅವರ ಮನೆಯಲ್ಲಿ ಉಳಿಯಿತು, ಚರಕವು ನೂಲು ಬಿಚ್ಚುವವರ ಕೈಯಲ್ಲಿ ಉಳಿಯಿತು. ಠಾಣೆಗಳಲ್ಲಿ ದುಡಿದವರ ಗತಿ ಏನಾಯಿತೆಂದು ಯಾವ ದಫ್ತರವೂ ಬರೆದಿಡಲಿಲ್ಲ.

ಎರಡನೆಯ ವಿಪತ್ತು ರೋಗದ ರೂಪದಲ್ಲಿ ಬಂತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಯೂರೋಪಿನ ರೇಷ್ಮೆಯನ್ನೆಲ್ಲ ಧ್ವಂಸಮಾಡಿದ ಪೆಬ್ರಿನ್ ರೋಗದ ಮೂಲವನ್ನು ಅರಿಯಲು ಫ್ರಾನ್ಸಿನ ಸರ್ಕಾರ 1865ರಲ್ಲಿ ಲೂಯಿ ಪಾಶ್ಚರನನ್ನು ನಿಯೋಜಿಸಿತು. ರೋಗ ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುವುದೆಂದೂ, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿದ್ದುದರ ಮೊಟ್ಟೆಯನ್ನು ಸುಟ್ಟುಬಿಟ್ಟರೆ ಮುಂದಿನ ಸಂತತಿ ನಿರ್ಮಲವಾಗುವುದೆಂದೂ ಆ ಮಹನೀಯನು ತೋರಿಸಿಕೊಟ್ಟನು. ಅದೇ ಕಾಲದಲ್ಲಿ ಮೈಸೂರಿನ ಹುಳುಗಳೂ ಸಾಯತೊಡಗಿದ್ದವು. 1866ರ ಸುಮಾರಿಗೆ ಡಿ ವೆಕ್ಕಿ ಎಂಬ ಇಟಲಿಯ ಗೃಹಸ್ಥನೊಬ್ಬನು ಬೆಂಗಳೂರಿನ ಬಳಿ ಉಗಿಯಂತ್ರದಿಂದ ನಡೆಯುವ ನೂಲು ಬಿಚ್ಚುವ ಕಾರ್ಖಾನೆಯನ್ನು ಹೂಡಿ, ಜಪಾನಿನಿಂದ ಕಾಗದದ ಹಾಳೆಗಳ ಮೇಲೆ ಮೊಟ್ಟೆಗಳನ್ನು ತರಿಸಿ ರೈತರಿಗೆ ಹಂಚಿದನು. ಆತನ ಉದ್ಯಮ ಬಹುಕಾಲ ನಿಲ್ಲಲಿಲ್ಲ. ಬಿಸಿಲುಸೀಮೆಯಲ್ಲಿ ಪರದೇಶದ ಹುಳುವಿನ ತಳಿ ಊರ್ಜಿತವಾಗದೆ ಹೋದುದೂ, ಕಾರ್ಖಾನೆಗೆ ಬೇಕಾದಷ್ಟು ಗೂಡು ಸಿಕ್ಕದೆ ಹೋದುದೂ ಇದಕ್ಕೆ ಕಾರಣವೆನ್ನಬಹುದು. ಯಂತ್ರ ಎಷ್ಟು ಚೆನ್ನಾಗಿದ್ದರೂ ಬಾಣಲೆಗೆ ಹಾಕುವ ಗೂಡೇ ಸತ್ತುಹೋಗುತ್ತಿದ್ದರೆ ಯಂತ್ರದಿಂದೇನು ಫಲ?

ಶತಮಾನದ ಕೊನೆಯ ದಶಕದಲ್ಲಿ ಜಮ್‌ಶೆಟ್‌ಜಿ ತಾತಾ ಅವರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನ ಬಸವನಗುಡಿಯ ಬಳಿ ರೇಷ್ಮೆಯ ತೋಟವೊಂದನ್ನು ನಿರ್ಮಿಸಿ, ಜಪಾನೀ ತಜ್ಞರನ್ನು ಕರೆಸಿ, ಸಾಕಣೆಯನ್ನೂ ಬಿಚ್ಚಾಣಿಕೆಯನ್ನೂ ಕಲಿಸುವ ಏರ್ಪಾಡು ಮಾಡಿದರು. 1910ರಲ್ಲಿ ಅದು ಸಾಲ್ವೇಶನ್ ಆರ್ಮಿಯವರ ಕೈಸೇರಿತು. ಈಗ ಉಳಿದಿರುವುದು ಬಡಾವಣೆಗೆ ಅಂಟಿಕೊಂಡ ತಾತಾ ಸಿಲ್ಕ್ ಫಾರಂ ಎಂಬ ಹೆಸರು. ಸೋಲೆಂದು ಇದನ್ನು ಕರೆಯಲು ನನಗೆ ಮನಸ್ಸಿಲ್ಲ. ಅಲ್ಲಿ ಕಲಿತವರು ಕಲಿತ ವಿದ್ಯೆಯನ್ನು ಬೇರೆಡೆಗೆ ಒಯ್ದರು. ಸರ್ಕಾರವೇ ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂಬ ಭಾವನೆ ಬಲಿಯುವುದಕ್ಕೂ ಇಂತಹ ಪ್ರಯೋಗಗಳು ದಾರಿಮಾಡಿದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ಕರೆಸಿಕೊಳ್ಳಲಾಯಿತು. ರೇಷ್ಮೆಗೆಂದೇ ಪ್ರತ್ಯೇಕ ಇಲಾಖೆ ರೂಪುಗೊಂಡಿತು. ಪರೀಕ್ಷಿಸಿದ ಬಿತ್ತನೆ ಮೊಟ್ಟೆಯನ್ನು ರೈತರಿಗೆ ಒದಗಿಸುವ ಕ್ರಮ ಬೇರೂರಿತು. ‘ಕೆಲವು ನೆನಪುಗಳು’ ಬರೆದ ನವರತ್ನ ರಾಮರಾಯರು ಇದೇ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದವರೆಂಬುದು ಕನ್ನಡಿಗರಿಗೆ ಸಂತೋಷಕರವಾದ ಸಂಗತಿ. 1920ರ ದಶಕದಲ್ಲಿ ಮೈಸೂರಿನ ನಾಟಿ ತಳಿಗೆ ಜಪಾನಿನ ತಳಿಯನ್ನು ಕೂಡಿಸಿದ ಮಿಶ್ರತಳಿ ಹಬ್ಬತೊಡಗಿತು. ನಾಟಿ ಗೂಡಿನ ಎಳೆ ಮುನ್ನೂರು ನಾನೂರು ಮೀಟರಿಗೆ ಮುಗಿದುಹೋಗುತ್ತಿತ್ತು. ಮಿಶ್ರತಳಿಯದು ಅದಕ್ಕಿಂತ ಬಹಳ ಉದ್ದ. ಅಷ್ಟೇ ಗೂಡಿನಿಂದ ಹೆಚ್ಚು ನೂಲು ಬಂದಾಗ ಬಿಚ್ಚುವವನ ಬಡಪಾಲು ತುಸು ಹಿಗ್ಗಿತು. ಉಗಿಯಂತ್ರ ಮಾಡಲಾರದ ಉಪಕಾರವನ್ನು ಒಂದು ಸೂಕ್ಷ್ಮದರ್ಶಕವೂ ಒಂದು ಹೊಸ ಮೊಟ್ಟೆಯೂ ಮಾಡಿದವು.

ಅಷ್ಟರಲ್ಲಿ ಮೂರನೆಯ ಪೆಟ್ಟು ಸಮುದ್ರದಾಚೆಯಿಂದ ಬಂತು. 1929ರ ಅನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ಅಮೆರಿಕದ ಗಿರಾಕಿಗಳನ್ನು ಕಳೆದುಕೊಂಡ ಜಪಾನ್ ಮತ್ತು ಚೀನಗಳ ರೇಷ್ಮೆ ನಮ್ಮ ಬಂದರುಗಳಿಗೆ ಅಗ್ಗವಾಗಿ ಬಂದು ಬಿತ್ತು; ಅದರ ಜೊತೆಗೆ, ಹೊಳಪಿನಲ್ಲಿ ರೇಷ್ಮೆಯನ್ನು ಹೋಲುವ, ಬೆಲೆಯಲ್ಲಿ ಹತ್ತಿಯನ್ನು ಹೋಲುವ ಕೃತಕ ರೇಷ್ಮೆಯೂ ಬಂತು. ಗೂಡಿನ ಧಾರಣೆ ಇಳಿದಾಗ ರೈತರು ಹಿಪ್ಪುನೇರಳೆಯನ್ನು ಕಿತ್ತು ರಾಗಿಯನ್ನು ಬಿತ್ತಿದರು. ಬಿಚ್ಚುವವನಿಗೆ ಕೀಳುವುದಕ್ಕೆ ಗಿಡವೂ ಇಲ್ಲ, ಬಿತ್ತುವುದಕ್ಕೆ ನೆಲವೂ ಇಲ್ಲ. 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು, 1934ರಲ್ಲಿ ರಕ್ಷಣಾ ಸುಂಕ ಬಂತು. ಆದರೆ ಕಸುಬನ್ನು ನಿಜವಾಗಿ ಮೇಲೆತ್ತಿದುದು ಸುಂಕವಲ್ಲ, ಯುದ್ಧ. 1941ರಲ್ಲಿ ಜಪಾನು ಶತ್ರುದೇಶವಾದೊಡನೆ ಅದರ ರೇಷ್ಮೆ ಬರುವುದು ನಿಂತಿತು. ಪ್ಯಾರಾಚೂಟುಗಳಿಗೆ ರೇಷ್ಮೆ ಬೇಕಾಯಿತು. ಮೈಸೂರು ಸಂಸ್ಥಾನದಲ್ಲಿಯೂ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಕೊಳ್ಳೇಗಾಲದಲ್ಲಿಯೂ ಒಲೆಗಳು ಹಗಲಿರುಳು ಉರಿದವು. ಅನ್ಯರ ಸಂಹಾರದಿಂದ ಬಂದ ಈ ಸುಭಿಕ್ಷ ಯುದ್ಧದೊಡನೆಯೇ ಮುಗಿಯಿತು. ಶಾಂತಿ ಬಂದಾಗ ಬೆಲೆಗಳು ಕುಸಿದು, ಏರಿದ ಧಾರಣೆಯಲ್ಲಿ ಸಾಲ ತಂದು ಬಾಣಲೆಗಳನ್ನು ಹೆಚ್ಚಿಸಿಕೊಂಡಿದ್ದವರು ಎಲ್ಲರಿಗಿಂತ ಮೊದಲು ಮುಳುಗಿದರು. ಅಭ್ಯುದಯದ ದಿನಗಳಲ್ಲಿ ಮಾಡಿದ ಸಾಲವನ್ನು ಅಭಾವದ ದಿನಗಳಲ್ಲಿ ತೀರಿಸಬೇಕಾಗಿ ಬರುವುದು ಈ ಕಸುಬಿಗೆ ಮಾತ್ರ ಸೀಮಿತವಾದ ದುರ್ದೈವವಲ್ಲ. 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಸ್ಥಾಪಿತವಾದುದಕ್ಕೆ ಈ ಕುಸಿತದ ಹಿನ್ನೆಲೆಯಿದೆ.

ಇಷ್ಟು ದೂರ ಬಂದ ಮೇಲೆ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಉದ್ಯಮ ಚೇತರಿಸಿಕೊಂಡಿತೆಂದು ನಾವು ಸಲೀಸಾಗಿ ಬರೆಯುತ್ತೇವೆ. ಚೇತರಿಸಿಕೊಂಡುದು ಕಸುಬೇ ಹೊರತು ಬಿದ್ದ ಮನೆತನವಲ್ಲ. ಡಿ ವೆಕ್ಕಿಯ ಕಾರ್ಖಾನೆ ಮತ್ತೆ ಏಳಲಿಲ್ಲ, ಆದರೆ ಜಪಾನಿನ ತಳಿಯನ್ನು ತರಿಸುವ ಯೋಚನೆ ಅರವತ್ತು ವರ್ಷಗಳ ತರುವಾಯ ಬೇರೊಂದು ರೂಪದಲ್ಲಿ ಫಲಿಸಿತು. ಚರಕವನ್ನು ಅಟ್ಟಕ್ಕೇರಿಸಿ ಕೂಲಿಗೆ ಹೋದವನ ಜಾಗದಲ್ಲಿ ಒಳ್ಳೆಯ ಕಾಲ ಬಂದಾಗ ಇನ್ನೊಬ್ಬನು ಒಲೆ ಹೂಡಿದನು. ಹಾಗೆ ಹೂಡುವುದು ಸುಲಭವಾಗಿತ್ತೆಂಬುದೇ ಈ ಕಸುಬಿನ ಶಕ್ತಿ, ಅದೇ ಅದರ ಶಾಪ. ಫಿಲೇಚರೆಂಬ ದೊಡ್ಡ ಬಿಚ್ಚಾಣಿಕೆ ಕಾರ್ಖಾನೆಯಲ್ಲಿ ಬಾಯ್ಲರು ಉರಿದರೂ ಖರ್ಚು, ಆರಿದರೂ ಖರ್ಚು. ತಿರುಮಕೂಡಲು ನರಸೀಪುರ, ಕನಕಪುರ, ಮಾಂಬಳ್ಳಿ, ಸಂತೇಮರಹಳ್ಳಿಗಳಲ್ಲಿದ್ದಂತಹ ಸರ್ಕಾರದ ಫಿಲೇಚರುಗಳಿಗೆ ಬೊಕ್ಕಸದ ಬೆಂಬಲವಿದ್ದಿತು. ಸಣ್ಣವನು ಧಾರಣೆ ಕೆಟ್ಟಾಗ ಒಲೆಯನ್ನು ಆರಿಸಿ ಕುಳಿತುಬಿಡಬಲ್ಲ. ಹಾಗೆ ಕುಳಿತ ದಿನಗಳಲ್ಲಿ ಅವನ ಮನೆಯವರು ಏನನ್ನು ಉಂಡರೆಂಬುದನ್ನು ಮಾತ್ರ ಈ ಸಣ್ಣತನದ ಸ್ತುತಿಪಾಠಕರು ಕೇಳುವುದಿಲ್ಲ.

ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಮಹತ್ತ್ವದ ಘಟ್ಟ ಯಾವ ಯಂತ್ರದ್ದೂ ಅಲ್ಲ, ಮಾರುಕಟ್ಟೆಯ ಕಟ್ಟಡದ್ದು. ರೇಷ್ಮೆ ಬಿತ್ತನೆ, ಗೂಡು, ನೂಲುಗಳ ನಿಯಂತ್ರಣಕ್ಕಾಗಿ 1959ರಲ್ಲಿ ಕಾಯಿದೆಯೊಂದು ಬಂತು. 1979ರ ಸುಮಾರಿಗೆ ಅದನ್ನು ಬಿಗಿಗೊಳಿಸಿ, ಗೂಡಿನ ವ್ಯಾಪಾರವೆಲ್ಲ ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿನಲ್ಲಿಯೇ ನಡೆಯಬೇಕೆಂದು ವಿಧಿಸಲಾಯಿತು. ಹಿಂದೆ ದಲ್ಲಾಳಿ ಹಳ್ಳಿಗೆ ಹೋಗಿ, ಕಣ್ಣಂದಾಜಿನಲ್ಲಿ ಬೆಲೆ ಕಟ್ಟಿ, ತೂಕದಲ್ಲಿ ಒಂದಿಷ್ಟು ನುಂಗಿ, ತಂದ ಗೂಡನ್ನು ತನಗೆ ಬೇಕಾದ ಬಿಚ್ಚಾಣಿಕೆದಾರನಿಗೆ ಕೊಡುತ್ತಿದ್ದನು. ಈ ವಿಧಿಯಿಂದ ನಾಲ್ಕು ಬಾಣಲೆಯವನೂ ನಲವತ್ತು ಬಾಣಲೆಯವನೂ ಒಂದೇ ಹಜಾರದಲ್ಲಿ ಒಂದೇ ಗೂಡಿನ ರಾಶಿಯನ್ನು ಮುಟ್ಟಿ ನೋಡಿ ಕೂಗುವಂತಾಯಿತು. ಗೂಡು ಕೊಳ್ಳುವುದಕ್ಕೂ ನೂಲಿನ ಹಣ ಕೈಸೇರುವುದಕ್ಕೂ ನಡುವಿನ ಅಂತರದ ಒಂದು ತುದಿಯನ್ನು ಇದು ಕಟ್ಟಿತು. ಇನ್ನೊಂದು ತುದಿಗೆ ರೇಷ್ಮೆ ವಿನಿಮಯ ಕೇಂದ್ರವೂ, ಧಾರಣೆ ಬಿದ್ದಾಗ ನೂಲನ್ನು ಕೊಳ್ಳುವುದಕ್ಕಾಗಿ ಕರ್ನಾಟಕ ರೇಷ್ಮೆ ಮಾರಾಟ ಮಂಡಳಿಯೂ ಹುಟ್ಟಿದವು. 1980ರಲ್ಲಿ ವಿಶ್ವಬ್ಯಾಂಕಿನ ಸಾಲದ ಯೋಜನೆಯೂ ಕೂಡಿಕೊಂಡು, ಗೂಡಿನ ಉತ್ಪನ್ನ ಬೆಳೆಯಿತು, ಹೊಸ ಒಲೆಗಳು ಹತ್ತಿದವು. ಆದರೆ ಎರಡನೆಯ ತುದಿಯ ಗಂಟು ಮೊದಲನೆಯದರಷ್ಟು ಬಿಗಿಯಾಗಲಿಲ್ಲ: ನೂಲಿನ ವ್ಯಾಪಾರವೆಲ್ಲ ವಿನಿಮಯ ಕೇಂದ್ರದೊಳಕ್ಕೆ ಬರಲಿಲ್ಲ, ಹಳೆಯ ಮುಂಗಡದ ಋಣವಿದ್ದವನು ತನ್ನ ನೂಲನ್ನು ಹಳೆಯ ಬಾಗಿಲಿಗೇ ಒಯ್ದನು.

ಲಾಭದ ಪಾಲು ಕಿರಿದಾದಾಗ ಒಲೆ ಆರದಂತೆ ನೋಡಿಕೊಂಡವರು ಯಾರು ಎಂಬ ಪ್ರಶ್ನೆಯೂ ಇದೆ, ಇದು ಹಿತವಾದ ಪ್ರಶ್ನೆಯಲ್ಲ. ಕುದಿಯುವ ನೀರಿನಲ್ಲಿ ಬೆರಳಿಟ್ಟು ಎಳೆಯ ತುದಿಯನ್ನು ಹುಡುಕುವವರು ಬಹುಮಟ್ಟಿಗೆ ಹೆಂಗಸರು; ಬಹುಕಾಲ ಮಕ್ಕಳೂ ಇದ್ದರು. ತಂದೆತಾಯಿಗಳು ಪಡೆದ ಮುಂಗಡಕ್ಕೆ ಒತ್ತೆಯಾಗಿ ಮಕ್ಕಳು ನಮ್ಮ ರೇಷ್ಮೆಯೂರುಗಳಲ್ಲಿ ದುಡಿಯುತ್ತಿದ್ದುದನ್ನು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಜಗತ್ತಿನ ಮುಂದಿಟ್ಟಿತು. ಸಾಹುಕಾರನ ಮುಂಗಡದಿಂದ ಬಿಚ್ಚಾಣಿಕೆದಾರ ಕಟ್ಟುಬಿದ್ದಂತೆ ಅವನ ಮುಂಗಡದಿಂದ ಕೂಲಿಯವನ ಮಗು ಕಟ್ಟುಬಿದ್ದಿತು. ಹೀಗೆ ಉಳಿದ ಉದ್ಯಮವನ್ನು ಉಳಿಯಿತೆಂದು ಕೊಂಡಾಡಲು ನನ್ನ ನಾಲಗೆ ಏಳುವುದಿಲ್ಲ.

ಆಮೇಲಿನ ಕಥೆ ಎಲ್ಲರ ನೆನಪಿನಲ್ಲಿಯೂ ಇರುವುದೇ. ಚೀನದ ಅಗ್ಗದ ನೂಲಿನ ವಿರುದ್ಧ 2003ರಲ್ಲಿ ಆಮದು ತಡೆಯುವ ವಿಶೇಷ ಸುಂಕ ಬಂತು. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಮೂಲ ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಬಿದ್ದು ರೈತರು ಬೀದಿಗಿಳಿದರು. 2013ರಲ್ಲಿ ಅದನ್ನು 15ಕ್ಕೆ ಏರಿಸಲಾಯಿತು. ದೆಹಲಿಯ ಒಂದು ಸಾಲಿನ ಬದಲಾವಣೆ ಶಿಡ್ಲಘಟ್ಟದ ಬೀದಿಯೊಂದರ ಒಲೆಗಳನ್ನು ಆರಿಸಬಲ್ಲುದು, ಹತ್ತಿಸಬಲ್ಲುದು. ಇತ್ತೀಚೆಗೆ ದ್ವಿತಳಿ ಗೂಡೂ, ಬೆರಳಿನ ಕೆಲಸವನ್ನು ತಾನೇ ಮಾಡುವ ಸ್ವಯಂಚಾಲಿತ ಯಂತ್ರಗಳೂ ಬಂದಿವೆ. ನೂಲಿನ ಗುಣ ಏರಿದೆ, ಕುದಿನೀರಿನಿಂದ ಕೈ ಹೊರಬಂದಿದೆ. ಆದರೆ ಚರಕದ ಒಲೆಯಂತೆ ಬೇಕೆಂದಾಗ ಹೂಡಿ ಬೇಡವೆಂದಾಗ ಆರಿಸುವಂತಹುದಲ್ಲ ಆ ಯಂತ್ರ. ಅದಕ್ಕೆ ದಿನವೂ ಗೂಡು ಬೇಕು, ಬ್ಯಾಂಕಿಗೆ ಪ್ರತಿ ತಿಂಗಳೂ ಕಂತು ಬೇಕು. ಚರಕದ ಬಡವನಿಗೆ ಇದ್ದ, ಆರಿಸಿ ಕೂರುವ ಸ್ವಾತಂತ್ರ್ಯವೂ ಹೊಸಬನಿಗೆ ಉಳಿದಿಲ್ಲ.

ಸಣ್ಣ ಉದ್ಯಮಗಳು ಒದಗಿಸಿದ ಸರಕಿನ ಹಣವನ್ನು ಕೊಂಡವನು ಹೆಚ್ಚೆಂದರೆ 45 ದಿನಗಳೊಳಗೆ ಸಲ್ಲಿಸಬೇಕೆಂದು 2006ರ ಕೇಂದ್ರ ಕಾಯಿದೆ ವಿಧಿಸಿದೆ. ಆ ವಿಧಿ ಅಕ್ಷರಶಃ ಪಾಲಿತವಾದರೂ ಇಂದು ನೂಲು ಮಾರಿದವನು ಒಂದೂವರೆ ತಿಂಗಳು ಕಾಯಬಹುದು. ಅವನು ನಾಳೆ ಬೆಳಗ್ಗೆ ಹರಾಜಿನಲ್ಲಿ ಕೊಳ್ಳುವ ಗೂಡಿಗೆ ಮಾತ್ರ ಹಣವನ್ನು ನಾಳೆಯೇ ಕಟ್ಟಬೇಕು.