ಓಕೆಫೆನೋಕಿ: ಜೌಗನ್ನು ಕಾಯುವ ಮರಳುದಿಬ್ಬ

ಗೋಡೆಗೆ ಬಳಿಯುವ ಬಿಳಿ ಬಣ್ಣಕ್ಕೂ ಅಮೆರಿಕದ ಒಂದು ಜೌಗಿನ ಮೊಸಳೆಗಳಿಗೂ ಏನು ಸಂಬಂಧ? ಬಣ್ಣ, ಕಾಗದ, ಪ್ಲಾಸ್ಟಿಕ್‌ಗಳಿಗೆ ಬಿಳುಪು ಕೊಡುವುದು ಟೈಟೇನಿಯಂ ಡೈಆಕ್ಸೈಡ್. ಅದರ ಅದಿರುಗಳಾದ ಇಲ್ಮನೈಟ್, ರೂಟೈಲ್‌ಗಳು ಕೇರಳದ ಚವರದ ಕಪ್ಪು ಮರಳಿನಲ್ಲಿರುವಂತೆ ಅಮೆರಿಕದ ಜಾರ್ಜಿಯ, ಫ್ಲಾರಿಡ ರಾಜ್ಯಗಳ ಟ್ರೈಲ್ ರಿಜ್ ಎಂಬ ಮರಳುದಿಬ್ಬದಲ್ಲೂ ಇವೆ. ಈ ದಿಬ್ಬ ಪುರಾತನ ಕಡಲತೀರ. ಸಮುದ್ರ ಹಿಂದೆ ಸರಿದಾಗ ಒಳನಾಡಿನಲ್ಲೇ ಉಳಿಯಿತು. ಅದರ ಪಶ್ಚಿಮಕ್ಕಿರುವುದೇ ಓಕೆಫೆನೋಕಿ ಜೌಗು. ಜೌಗಿಗೆ ಈ ದಿಬ್ಬ ಕೆರೆಯ ಏರಿ ಇದ್ದಂತೆ.

ಜೌಗಿನ ತಳದಲ್ಲಿ ಪೀಟ್ ಎಂಬ ಅರೆಕೊಳೆತ ಸಸ್ಯರಾಶಿ ಹಲವು ಅಡಿ ದಪ್ಪಕ್ಕೆ ಕೂಡಿಕೊಂಡಿದೆ. ಕೆಲವೆಡೆ ಅದು ನೀರಿನ ಮೇಲೆ ತೇಲುತ್ತದೆ, ಕಾಲಿಟ್ಟರೆ ನಡುಗುತ್ತದೆ. ಮೂಲನಿವಾಸಿಗಳ ಭಾಷೆಯಿಂದ ಬಂದ ಹೆಸರನ್ನು 'ನಡುಗುವ ನೆಲ' ಎಂದು ಅರ್ಥೈಸುವ ವಾಡಿಕೆಯಿದೆ. ಸುವಾನೀ, ಸೇಂಟ್ ಮೇರಿಸ್ ನದಿಗಳು ಹುಟ್ಟುವುದು ಇಲ್ಲೇ. ಆಲಿಗೇಟರ್ ಮೊಸಳೆ, ಕಪ್ಪು ಕರಡಿ, ಕೊಕ್ಕರೆ, ಕೀಟಾಹಾರಿ ಹೂಜಿಗಿಡ ಎಲ್ಲಕ್ಕೂ ಆಧಾರ ಮುಖ್ಯವಾಗಿ ಮಳೆನೀರು. ಬರಗಾಲದಲ್ಲಿ ನೀರು ಇಳಿದರೆ ಪೀಟ್ ಒಣಗಿ ತಿಂಗಳುಗಟ್ಟಲೆ ಉರಿಯುತ್ತದೆ.

1891ರಲ್ಲಿ ಸುವಾನೀ ಕಾಲುವೆ ಕಂಪನಿ ಎಕರೆಗೆ ಕೇವಲ 26½ ಸೆಂಟ್‌ನಂತೆ ಜೌಗಿನ ಬಹುಭಾಗವನ್ನು ಕೊಂಡಿತು. ನೀರನ್ನು ಬಸಿದು ಬೇಸಾಯ ಮಾಡಿಸುವುದು, ಮರ ಕಡಿಯುವುದು ಅದರ ಉದ್ದೇಶ. ಅದಕ್ಕೆ ದಿಬ್ಬವನ್ನೇ ಸೀಳಬೇಕಿತ್ತು. ಅಗೆದಷ್ಟೂ ಮರಳು ಕುಸಿಯಿತು. ಕಂಪನಿ ದಿವಾಳಿಯಾಯಿತು, ದಿಬ್ಬ ಗೆದ್ದಿತು! ಮುಂದೆ ಮರದ ಕಂಪನಿಯೊಂದು ಸೈಪ್ರೆಸ್ ಮರಗಳನ್ನು ಕಡಿದು ಸಾಗಿಸಿತು. ಪ್ರಕೃತಿವಿಜ್ಞಾನಿ ಫ್ರಾನ್ಸಿಸ್ ಹಾರ್ಪರ್ ಮತ್ತು ಅವರ ಪತ್ನಿ ಜೀನ್ ಜೌಗಿನ ಪರವಾಗಿ ನಿಂತರು. ಜೀನ್ ಹಿಂದೆ ರೂಸ್‌ವೆಲ್ಟ್ ಅವರ ಮಕ್ಕಳಿಗೆ ಪಾಠ ಹೇಳಿದ್ದವರು; ಅಧ್ಯಕ್ಷರಿಗೇ ಪತ್ರ ಬರೆದರು. 1937ರಲ್ಲಿ ಓಕೆಫೆನೋಕಿ ವನ್ಯಜೀವಿಧಾಮವಾಯಿತು, 1986ರಲ್ಲಿ ರಾಮ್ಸಾರ್ ಪಟ್ಟಿ ಸೇರಿತು.

ಆದರೆ ಗಡಿ ಎಳೆದದ್ದು ಜೌಗಿನ ಸುತ್ತ. ಏರಿಯಂತಿದ್ದ ದಿಬ್ಬದ ಹೆಚ್ಚಿನ ಭಾಗ ಹೊರಗೇ ಉಳಿಯಿತು. ಫ್ಲಾರಿಡದಲ್ಲಿ ಇದೇ ದಿಬ್ಬದ ಮರಳಿನ ಗಣಿಗಾರಿಕೆಯನ್ನು 1949ರಲ್ಲಿ ಆರಂಭಿಸಿದ್ದ ಡ್ಯುಪಾಂಟ್ ಕಂಪನಿ 1990ರ ದಶಕದಲ್ಲಿ ಜೌಗಿನ ಪೂರ್ವದ ಅಂಚಿಗೇ ಬಂದಿತು. ಆಗಿನ ಒಳಾಡಳಿತ ಸಚಿವ ಬ್ರೂಸ್ ಬ್ಯಾಬಿಟ್ 1997ರಲ್ಲಿ ಬಹಿರಂಗವಾಗಿ ವಿರೋಧಿಸಿದರು. ಕಂಪನಿ ಯೋಜನೆ ಕೈಬಿಟ್ಟು, 2003ರಲ್ಲಿ ಸುಮಾರು 16,000 ಎಕರೆ ಭೂಮಿಯನ್ನು ಸಂರಕ್ಷಣೆಗೆ ದಾನ ಮಾಡಿತು.

2019ರಲ್ಲಿ ಟ್ವಿನ್ ಪೈನ್ಸ್ ಎಂಬ ಇನ್ನೊಂದು ಕಂಪನಿ ಅದೇ ದಿಬ್ಬಕ್ಕೆ ಅರ್ಜಿ ಹಾಕಿತು. ಅಗೆದ ಗುಂಡಿಗೆ ಮರಳನ್ನು ಮರಳಿ ತುಂಬುತ್ತೇವೆ ಎಂಬುದು ಅದರ ಭರವಸೆ. ತೊಡಕಿರುವುದು ಇಲ್ಲೇ. ದಿಬ್ಬದೊಳಗೆ ಸಾವಯವ ಅಂಟಿನಿಂದ ಗಟ್ಟಿಯಾದ ಕಪ್ಪು ಮರಳಿನ ಪದರಗಳಿವೆ; ಅವು ನೀರಿನ ಹರಿವನ್ನು ತಡೆಯುತ್ತವೆ. ಅಗೆದು, ತೊಳೆದು, ಕಲಸಿ ತುಂಬಿದ ಮರಳಿನಲ್ಲಿ ಆ ಪದರಗಳು ಇರುವುದಿಲ್ಲ. ಗಾತ್ರ ಅಷ್ಟೇ ಇದ್ದರೂ ಏರಿ ಮೊದಲಿನ ಏರಿಯಲ್ಲ. ನೀರಿನ ಮಟ್ಟ ತುಸು ಇಳಿದರೂ ಬರಗಾಲ ಹೆಚ್ಚಿ, ಬೆಂಕಿ ಸುಲಭವಾಗುತ್ತದೆ ಎಂದು ಜಲವಿಜ್ಞಾನಿಗಳು ಎಚ್ಚರಿಸಿದರು. ಅಷ್ಟರಲ್ಲಿ, 2020ರಲ್ಲಿ, ಕೇಂದ್ರದ ಜಲನಿಯಮ ಸಡಿಲಗೊಂಡು ನಿರ್ಧಾರ ರಾಜ್ಯದ ಪಾಲಾಯಿತು. 2024ರ ಫೆಬ್ರುವರಿಯಲ್ಲಿ ಜಾರ್ಜಿಯ ಕರಡು ಪರವಾನಗಿಗಳನ್ನೂ ಪ್ರಕಟಿಸಿತು.

ಕೊನೆಗೆ ಗಣಿಯನ್ನು ನಿಲ್ಲಿಸಿದ್ದು ಕಾನೂನಲ್ಲ, ಹಣ. 2025ರ ಜೂನ್‌ನಲ್ಲಿ ಕನ್ಸರ್ವೇಷನ್ ಫಂಡ್ ಎಂಬ ಸಂಸ್ಥೆ ಕಂಪನಿಯಿಂದ ಸುಮಾರು 7,800 ಎಕರೆಯನ್ನು ಸುಮಾರು 6 ಕೋಟಿ ಡಾಲರಿಗೆ ಕೊಂಡಿತು. ಸೆಂಟ್‌ಗಳಿಗೆ ಮಾರಿದ ಜೌಗಿನ ಪಕ್ಕದ ದಿಬ್ಬಕ್ಕೆ ಎಕರೆಗೆ ಸುಮಾರು 7,700 ಡಾಲರ್! ದಿಬ್ಬದ ಉಳಿದ ಭಾಗದಲ್ಲಿ ಖಾಸಗಿ ಒಡೆತನದ ಭೂಮಿ ಇನ್ನೂ ಬಹಳಷ್ಟಿದೆ.